ಓದುಗರ ಪ್ರಶ್ನೆ, ಆಹಾರ ಸಲಹೆಗಾರರ ಉತ್ತರ: ತೂಗಬೇಕಾದದ್ದು ಮುದ್ದೆಯನ್ನೋ, ಹಿಟ್ಟನ್ನೋ?

ದಿನದ ಊಟದ ಕ್ಯಾಲೊರಿಯನ್ನು ಬರೆದಿಟ್ಟುಕೊಳ್ಳುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ವಿವರಿಸಿದ್ದೆ. ಆಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಳತೆಯ ತೊಡಕನ್ನೇ ಹೇಳಿಕೊಂಡಿವೆ. ಯಾವ ಪದಾರ್ಥದಲ್ಲಿ ಎಷ್ಟು ಶಕ್ತಿಯಿದೆ ಎಂಬುದು ಪಟ್ಟಿಯಲ್ಲಿ ಸಿಗುತ್ತದೆ. ಆದರೆ ತಟ್ಟೆಗೆ ಬಂದದ್ದು ಎಷ್ಟು ಎಂಬುದನ್ನು ತಿಳಿಯುವುದು ಹೇಗೆ ಎಂದು ಬಹಳ ಮಂದಿ ಕೇಳಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಮಧ್ಯಾಹ್ನ ಉಣ್ಣುವ ಒಂದು ಮುದ್ದೆಯನ್ನು ತಕ್ಕಡಿಯಲ್ಲಿಟ್ಟು ನೋಡಿದಾಗ 300 ಗ್ರಾಂ ತೂಗಿತು. ರಾಗಿಯಲ್ಲಿ 100 ಗ್ರಾಂಗೆ 320 ಕ್ಯಾಲೊರಿ ಎಂದು ಪಟ್ಟಿ ಹೇಳುತ್ತದೆ. ಅಂದರೆ ಒಂದೇ ಮುದ್ದೆಗೆ 960 ಕ್ಯಾಲೊರಿ! ಹೆದರಿ ಮುದ್ದೆ ಬಿಟ್ಟು, ಮೂರು ಚಪಾತಿ ತಿನ್ನುತ್ತಿದ್ದೇನೆ. ಸಂಜೆ ನಾಲ್ಕಕ್ಕೆ ತಡೆಯಲಾರದಷ್ಟು ಹಸಿವಾಗುತ್ತದೆ. ಏನು ಮಾಡಲಿ?
– ಒಬ್ಬ ಓದುಗರು, ಮಾಲೂರು

ಉತ್ತರ: ದಯವಿಟ್ಟು ನಾಳೆಯಿಂದಲೇ ಮತ್ತೆ ಮುದ್ದೆ ಉಣ್ಣಿ. ನೀವು ತೂಗಿದ್ದು ಬೆಂದ ಮುದ್ದೆಯನ್ನು. ಗುಣಿಸಿದ್ದು ಒಣ ರಾಗಿಯ ಅಂಕಿಯಿಂದ. ಪಟ್ಟಿಯಲ್ಲಿರುವ 320 ಕ್ಯಾಲೊರಿ ಕಾಳಿಗೆ ಅಥವಾ ಹಿಟ್ಟಿಗೆ ಸಂಬಂಧಿಸಿದ್ದು. ಮುದ್ದೆಯ ತೂಕದಲ್ಲಿ ಮೂರನೆಯ ಎರಡು ಪಾಲಿನಷ್ಟು ಎಸರಿನ ನೀರೇ ಇರುತ್ತದೆ, ನೀರಿನಲ್ಲಿ ಕ್ಯಾಲೊರಿ ಇಲ್ಲ.

ನಿಮ್ಮ ಪತ್ರ ಓದಿದ ದಿನ ನಮ್ಮ ಮನೆಯಲ್ಲೇ ಇದನ್ನು ಅಳೆದು ನೋಡಿದೆ. 250 ಗ್ರಾಂ ರಾಗಿ ಹಿಟ್ಟಿಗೆ 600 ಮಿಲಿಲೀಟರ್ ನೀರಿಟ್ಟು, ಕುದಿ ಬಂದ ಮೇಲೆ ಹಿಟ್ಟು ಸುರಿದು, ಬೆಂದ ಬಳಿಕ ಕೋಲಿನಿಂದ ತಿರುವಿ ಕಟ್ಟಿದಾಗ ಒಟ್ಟು ಮುದ್ದೆ 770 ಗ್ರಾಂ ಬಂತು. ಹಿಟ್ಟು ಮತ್ತು ನೀರು ಕೂಡಿ 850 ಗ್ರಾಂ ಆಗಬೇಕಿತ್ತು. ಉಳಿದ 80 ಗ್ರಾಂನಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಯಿತು, ಸ್ವಲ್ಪ ಪಾತ್ರೆಯ ತಳಕ್ಕೂ ಕೋಲಿಗೂ ಅಂಟಿಕೊಂಡಿತು. 250 ಗ್ರಾಂ ಹಿಟ್ಟಿನಲ್ಲಿ ಸುಮಾರು 800 ಕ್ಯಾಲೊರಿ ಇರುತ್ತದೆ. ಆ 800 ಈಗ 770 ಗ್ರಾಂ ಮುದ್ದೆಯಲ್ಲಿ ಹಂಚಿಹೋಗಿದೆ. ಎಂದರೆ 100 ಗ್ರಾಂ ಮುದ್ದೆಗೆ ಹೆಚ್ಚುಕಡಿಮೆ 104 ಕ್ಯಾಲೊರಿ. ನಿಮ್ಮ ಮುದ್ದೆಯೂ ಇದೇ ಹದದ್ದಾಗಿದ್ದರೆ, 300 ಗ್ರಾಂ ಮುದ್ದೆಯಲ್ಲಿ ಇರುವುದು ಸುಮಾರು 97 ಗ್ರಾಂ ಹಿಟ್ಟು, 310ರ ಆಸುಪಾಸಿನ ಕ್ಯಾಲೊರಿ. ಅದರ ಬದಲಿಗೆ ನೀವು ತಿನ್ನುತ್ತಿರುವ ಚಪಾತಿಗಳಲ್ಲಿ ಒಂದೊಂದಕ್ಕೂ 35 ಗ್ರಾಂ ಗೋಧಿ ಹಿಟ್ಟು ಹಿಡಿದು, ಮೇಲೆ ಅರ್ಧ ಚಮಚಕ್ಕಿಂತ ತುಸು ಹೆಚ್ಚು ಎಣ್ಣೆ ಸವರಿದ್ದರೆ, ಮೂರು ಚಪಾತಿಗೆ 400 ದಾಟುತ್ತದೆ. ಕಡಿಮೆ ತಿನ್ನುತ್ತಿದ್ದೇನೆ ಎಂಬ ಎಣಿಕೆಯಲ್ಲಿ ನೀವು ಹೆಚ್ಚನ್ನೇ ತಿಂದಿದ್ದೀರಿ. ಹೊಟ್ಟೆ ತುಂಬಿಸುತ್ತಿದ್ದ ಮುದ್ದೆಯನ್ನು ಬಿಟ್ಟಿದ್ದರಿಂದ ಸಂಜೆಯ ಹಸಿವೂ ಹೆಚ್ಚಿರಬಹುದು. ಈ ಪತ್ರ ನನ್ನನ್ನು ನಿಜವಾಗಿಯೂ ಕಾಡಿತು. ನಮ್ಮ ಕಡೆಯ ಎಷ್ಟು ಮಂದಿ ಇದೇ ತಪ್ಪು ಲೆಕ್ಕದಿಂದ ಮುದ್ದೆಯನ್ನು ದೂರ ಮಾಡಿಕೊಂಡಿದ್ದಾರೋ ಎಂದು ಯೋಚಿಸುವಂತಾಯಿತು.

ನಿಮ್ಮ ಮನೆಯ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು, ಏಕೆಂದರೆ ಒಬ್ಬರು ಗಟ್ಟಿ ಮುದ್ದೆ ಕಟ್ಟುತ್ತಾರೆ, ಇನ್ನೊಬ್ಬರ ಮುದ್ದೆ ತೆಳುವಾಗಿರುತ್ತದೆ. ಕೆಲವರು ನುಚ್ಚನ್ನೋ ಹಿಂದಿನ ದಿನದ ಅನ್ನವನ್ನೋ ಸೇರಿಸುತ್ತಾರೆ. ಹಿಟ್ಟನ್ನು ಎಸರಿಗೆ ಸುರಿಯುವ ಮುಂಚೆ ತೂಗಿ ಬರೆದಿಡಿ. ನುಚ್ಚು ಹಾಕುವುದಾದರೆ ಅದನ್ನೂ ಬೇರೆಯಾಗಿ ತೂಗಿ, ಅಕ್ಕಿಯ ಲೆಕ್ಕಕ್ಕೆ ಸೇರಿಸಿ. ಮುದ್ದೆಗಳೆಲ್ಲ ಸಿದ್ಧವಾದ ಮೇಲೆ ಒಟ್ಟಿಗೆ ತೂಗಿ. ಒಟ್ಟು ಹಿಟ್ಟನ್ನು ಒಟ್ಟು ಮುದ್ದೆಯಿಂದ ಭಾಗಿಸಿದರೆ ಒಂದು ಗ್ರಾಂ ಮುದ್ದೆಯಲ್ಲಿ ಎಷ್ಟು ಹಿಟ್ಟಿದೆ ಎಂಬುದು ತಿಳಿಯುತ್ತದೆ. ಮೂರು ನಾಲ್ಕು ದಿನ ಹೀಗೆ ಮಾಡಿದರೆ ಸಾಕು. ಒಂದೇ ಕೈ, ಒಂದೇ ಪಾತ್ರೆ, ಒಂದೇ ಲೋಟದ ನೀರು ಇದ್ದಾಗ ಈ ಅಂಕಿ ಹೆಚ್ಚು ಅಲುಗುವುದಿಲ್ಲ. ಆಮೇಲೆ ನಿಮ್ಮ ಪಾಲಿನ ಮುದ್ದೆಯೊಂದನ್ನು ತೂಗಿದರೆ ಆಯಿತು.

ಅನ್ನದಲ್ಲಿಯೂ ಇದೇ ತಪ್ಪು ನಡೆಯುತ್ತದೆ, ಆದರೆ ಅಲ್ಲಿ ಎರಡೂ ದಿಕ್ಕಿಗೆ. ಒಣ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇರುತ್ತದೆ. ಬೆಂದ ಅನ್ನದಲ್ಲಿ ಸುಮಾರು 130. ಮೊಬೈಲಿನ ಆ್ಯಪ್‌ನಲ್ಲಿ ಹುಡುಕುವಾಗ ಬೆಂದದ್ದೋ ಬೇಯದ್ದೋ ಎಂದು ನೋಡದೆ ಮೊದಲು ಕಂಡದ್ದನ್ನು ಒತ್ತಿದವರು, ಅಕ್ಕಿಯನ್ನು ತೂಗಿ ಅನ್ನದ ಅಂಕಿ ಹಾಕಿಕೊಂಡರೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನಷ್ಟೇ ಬರೆದಂತಾಗುತ್ತದೆ. ಅನ್ನವನ್ನು ತೂಗಿ ಅಕ್ಕಿಯ ಅಂಕಿ ಹಾಕಿಕೊಂಡರೆ ಎರಡೂವರೆ ಪಟ್ಟಿಗಿಂತ ಹೆಚ್ಚು ಬರೆದಂತಾಗುತ್ತದೆ.

ಪ್ರಶ್ನೆ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ ರಾಗಿಯ ಮುಂದೆ 1342 ಎಂದಿದೆ. ನಮ್ಮ ತಾಯಿಯವರ ಹಳೆಯ ಪುಸ್ತಕದಲ್ಲಿ 328 ಎಂದಿದೆ. ಯಾವುದನ್ನು ನಂಬುವುದು?
– ಪದವಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಎರಡನ್ನೂ ನಂಬಬಹುದು. ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದೇಶದ ಆರು ವಲಯಗಳಿಂದ ತಂದ ಮಾದರಿಗಳನ್ನು ಪರೀಕ್ಷಿಸಿ 528 ಆಹಾರ ಪದಾರ್ಥಗಳ ವಿವರ ಕೊಟ್ಟಿದ್ದಾರೆ, ಮತ್ತು ಅಲ್ಲಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಬರೆದಿದ್ದಾರೆ. ನಾವು ದಿನಬಳಕೆಯಲ್ಲಿ ಕ್ಯಾಲೊರಿ ಎನ್ನುವುದು ವಾಸ್ತವದಲ್ಲಿ ಕಿಲೋಕ್ಯಾಲೊರಿ. ಒಂದು ಕಿಲೋಕ್ಯಾಲೊರಿ ಎಂದರೆ 4.184 ಕಿಲೋಜೌಲ್. 1342ನ್ನು 4.184ರಿಂದ ಭಾಗಿಸಿದರೆ 321 ಬರುತ್ತದೆ. ಹಳೆಯ 328ಕ್ಕೂ ಇದಕ್ಕೂ ಇರುವ ಏಳರ ಅಂತರ ನಿಮ್ಮ ಮುದ್ದೆಯ ತುದಿಯಲ್ಲಿ ಬೆರಳಿಗೆ ಅಂಟಿ ಉಳಿಯುವಷ್ಟೇ. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಪ್ರಶ್ನೆ: ನಮ್ಮದು ಆರು ಜನರ ಮನೆ, ಒಂದೇ ಪಾತ್ರೆಯ ಸಾರು. ನನ್ನೊಬ್ಬಳ ಪಾಲನ್ನು ಲೆಕ್ಕ ಹಾಕುವುದು ಹೇಗೆ? ಅದರಲ್ಲೂ ಬಸ್ಸಾರು ಮಾಡಿದ ದಿನ ನನಗೆ ಏನೂ ತೋಚುವುದಿಲ್ಲ.
– ಗೃಹಿಣಿ, ಗುಬ್ಬಿ

ಉತ್ತರ: ಇಷ್ಟು ಸೊಗಸಾದ ಪ್ರಶ್ನೆ ಈ ಅಂಕಣಕ್ಕೆ ಬಂದು ಬಹಳ ದಿನಗಳಾಗಿದ್ದವು. ಮೊದಲು ಸಾದಾ ಸೊಪ್ಪಿನ ಸಾರನ್ನು ನೋಡೋಣ.

ನೀವು ದಿನವೂ ಬಳಸುವ ಪಾತ್ರೆಗಳನ್ನು ಒಂದು ಬಿಡುವಿನ ಮಧ್ಯಾಹ್ನ ಖಾಲಿಯಾಗಿ ತೂಗಿ, ಆ ತೂಕಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬೀರುವಿನ ಬಾಗಿಲ ಒಳಮುಖಕ್ಕೆ ಅಂಟಿಸಿ. ಬಿಸಿ ಸಾರನ್ನು ಇನ್ನೊಂದಕ್ಕೆ ಬಗ್ಗಿಸಿ ಖಾಲಿ ಪಾತ್ರೆಯನ್ನು ತೂಗುವ ಕೆಲಸ ಮತ್ತೆಂದೂ ಇರುವುದಿಲ್ಲ. ಅಡುಗೆ ಮಾಡುವಾಗ ಲೆಕ್ಕಕ್ಕೆ ಬರುವ ಪದಾರ್ಥಗಳನ್ನು ಮಾತ್ರ ಹಸಿಯಾಗಿರುವಾಗಲೇ ತೂಗಿ: ಬೇಳೆ, ತೆಂಗಿನತುರಿ, ಎಣ್ಣೆ. ಉದಾಹರಣೆಗೆ ತೊಗರಿಬೇಳೆ 150 ಗ್ರಾಂ ಹಾಕಿದರೆ ಸುಮಾರು 500 ಕ್ಯಾಲೊರಿ. ಹಸಿ ತೆಂಗಿನತುರಿ 60 ಗ್ರಾಂಗೆ ಸುಮಾರು 245. ಒಗ್ಗರಣೆಯ ಎಣ್ಣೆ 20 ಗ್ರಾಂಗೆ 180. ಸೊಪ್ಪು, ಈರುಳ್ಳಿ, ಟೊಮೆಟೊ, ಹುಣಿಸೆಹಣ್ಣು ಎಲ್ಲವೂ ಸೇರಿ 130 ಎಂದು ಹಿಡಿದರೆ ಒಟ್ಟು 1,055. ಸಾರು ಕುದಿದು ಇಳಿದ ಮೇಲೆ ಪಾತ್ರೆಸಮೇತ ತೂಗಿ, ಪಾತ್ರೆಯ ತೂಕ ಕಳೆದಾಗ 2,100 ಗ್ರಾಂ ಉಳಿಯಿತು ಎನ್ನಿ. 100 ಗ್ರಾಂ ಸಾರಿಗೆ 50 ಕ್ಯಾಲೊರಿ. ನಿಮ್ಮ ಸೌಟು ಒಂದು ಸಲಕ್ಕೆ 110 ಗ್ರಾಂ ಹಿಡಿದರೆ ಒಂದು ಸೌಟಿಗೆ 55.

ಇಲ್ಲೊಂದು ಮಾತು. ಬೇಳೆ ತಳಕ್ಕೆ ಇಳಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಕಲಕದೆ ಮೇಲಿಂದ ತೆಗೆದ ಸೌಟು ಮತ್ತು ಕೊನೆಯಲ್ಲಿ ತಳ ಕೆರೆದು ತೆಗೆದ ಸೌಟು ತೂಕದಲ್ಲಿ ಒಂದೇ ಆದರೂ ಪದಾರ್ಥದಲ್ಲಿ ಒಂದೇ ಅಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ತಟ್ಟೆಗೆ ಬರುವುದು ಹೆಚ್ಚಾಗಿ ಆ ತಳದ ಗಟ್ಟಿ ಸಾರೇ. ಆದ್ದರಿಂದ ಪ್ರತಿ ಸಲ ಬಡಿಸುವ ಮುಂಚೆ ಸೌಟನ್ನು ತಳಕ್ಕೆ ಮುಟ್ಟಿಸಿ ಎರಡು ಸುತ್ತು ತಿರುವಿ. ನಿಮ್ಮ ಪಾಲನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅಳತೆಯೂ ನೇರವಾಗುತ್ತದೆ, ಉಳಿದದ್ದನ್ನು ಚೆಲ್ಲಬಾರದೆಂದು ತಿನ್ನುವ ಅಭ್ಯಾಸವೂ ತಪ್ಪುತ್ತದೆ.

ಇನ್ನು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ಮೇಲೆ ಅಡುಗೆ ಎರಡಾಗಿ ಒಡೆಯುತ್ತದೆ: ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಸಾರಿಗೆ ಬೆಂದ ಕಾಳಿನ ಒಂದು ಹಿಡಿಯನ್ನೂ ತೆಂಗಿನಕಾಯಿಯನ್ನೂ ರುಬ್ಬಿ ಹಾಕುತ್ತೀರಿ. ಪಲ್ಯಕ್ಕೆ ಬೇರೆ ಒಗ್ಗರಣೆ, ಬೇರೆ ಕಾಯಿತುರಿ. ಕಟ್ಟಿನಲ್ಲಿ ಎಷ್ಟು ಕಾಳಿನ ಸತ್ವ ಇಳಿಯಿತು ಎಂಬುದನ್ನು ಮನೆಯಲ್ಲಿ ಅಳೆಯಲು ಬರುವುದಿಲ್ಲ, ಅದರ ಹಿಂದೆ ಹೋಗುವ ಅಗತ್ಯವೂ ಇಲ್ಲ. ಎರಡೂ ಪಾತ್ರೆಗಳನ್ನು ಸೇರಿಸಿ ಒಂದೇ ಅಡುಗೆ ಎಂದು ತಿಳಿದು ಒಟ್ಟು ಕ್ಯಾಲೊರಿ ಹಾಕಿ. ಪಲ್ಯದ ಆರರಲ್ಲೊಂದು ಪಾಲು ಮತ್ತು ಸಾರಿನ ಆರರಲ್ಲೊಂದು ಪಾಲು ನಿಮ್ಮ ತಟ್ಟೆಗೆ ಬಂದರೆ ಒಟ್ಟಿನ ಆರರಲ್ಲೊಂದು ನಿಮ್ಮದು. ಪಲ್ಯ ಹೆಚ್ಚು ಸಾರು ಕಡಿಮೆ ತಿನ್ನುವವರಾದರೆ ಮಾತ್ರ ಕಾಳನ್ನು ಪೂರ್ತಿಯಾಗಿ ಪಲ್ಯದ ಲೆಕ್ಕಕ್ಕೆ ಹಾಕಿ, ರುಬ್ಬಲು ತೆಗೆದ ಹಿಡಿಯನ್ನು ಕಳೆಯಿರಿ. ನಾನು ಹಾಗೆಯೇ ಮಾಡುತ್ತೇನೆ.

ಪ್ರಶ್ನೆ: ಒಂದು ಚಮಚ ಎಣ್ಣೆ ಎಂದು ಬರೆದುಕೊಳ್ಳುತ್ತೇನೆ, ಆದರೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದು ನನ್ನ ರೂಢಿ. ಎರಡು ತಿಂಗಳಿಂದ ಎಲ್ಲವನ್ನೂ ಬರೆದರೂ ತೂಕ ಇಳಿದಿಲ್ಲ. ಎಣ್ಣೆಯೇ ಕಾರಣವೇ?
– ಶಾಲಾ ಶಿಕ್ಷಕರು, ಗೌರಿಬಿದನೂರು

ಉತ್ತರ: ಆಗಿರಬಹುದು, ಮತ್ತು ಇದನ್ನು ಕಂಡುಹಿಡಿಯಲು ಒಂದೇ ದಿನ ಸಾಕು. ಎಣ್ಣೆಯ ಕ್ಯಾನನ್ನು ಅಡುಗೆಗೆ ಮೊದಲು ತೂಗಿ, ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟೇ ಬಾಣಲೆಗೆ ಬಿದ್ದದ್ದು. ಬಾಣಲೆಯನ್ನು ತೂಗುವುದು, ಚಮಚಕ್ಕೆ ಸುರಿದು ಚೆಲ್ಲಿಕೊಳ್ಳುವುದು ಯಾವುದೂ ಬೇಕಿಲ್ಲ.

ಅಳತೆಯ ಚಮಚ ಎಂದರೆ 5 ಮಿಲಿಲೀಟರ್. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಅದು ಸುಮಾರು 4.5 ಗ್ರಾಂ ತೂಗುತ್ತದೆ, ಅದರಲ್ಲಿ 40 ಕ್ಯಾಲೊರಿ. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ. ಪಿಷ್ಟಕ್ಕೂ ಪ್ರೋಟೀನಿಗೂ 4. ಹೀಗಾಗಿ ಅನ್ನದಲ್ಲಿ 20 ಗ್ರಾಂ ತಪ್ಪಿದರೆ 26 ಕ್ಯಾಲೊರಿ ತಪ್ಪುತ್ತದೆ, ಎಣ್ಣೆಯಲ್ಲಿ ಅದೇ 20 ಗ್ರಾಂ ತಪ್ಪಿದರೆ 180 ತಪ್ಪುತ್ತದೆ. ನನ್ನನ್ನು ಕಾಣಲು ಬರುವವರಲ್ಲಿ ಅನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಕಡಲೆಕಾಯಿ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯುವವರೇ ಹೆಚ್ಚು. ತಕ್ಕಡಿಯನ್ನು ಒಂದೇ ಪದಾರ್ಥಕ್ಕೆ ಬಳಸಬಹುದು ಎಂದರೆ ನಾನು ಎಣ್ಣೆಯನ್ನೇ ಆರಿಸುತ್ತೇನೆ.

ದಿನವೂ ತೂಗುವುದು ಬೇಸರವೆನಿಸಿದರೆ ತಿಂಗಳ ಲೆಕ್ಕ ಹಿಡಿಯಿರಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ. ನಾಲ್ವರ ಮನೆಯಲ್ಲಿ 30 ದಿನಕ್ಕೆ 4 ಲೀಟರ್ ಮುಗಿದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ 30 ಗ್ರಾಂ, ಎಂದರೆ 270 ಕ್ಯಾಲೊರಿ ಬಂತು. ನೀವು ದಿನಕ್ಕೆ ಎರಡು ಚಮಚ ಎಂದು 80 ಬರೆದುಕೊಂಡಿದ್ದರೆ, ಉಳಿದ 190 ಎಲ್ಲಿ ಹೋಯಿತೆಂದು ಈಗ ತಿಳಿಯುತ್ತದೆ. ಹಬ್ಬದಲ್ಲಿ ಕರಿದ ತಿಂಡಿ ಮಾಡಿದ್ದರೆ ಬಾಣಲೆಯ ಎಣ್ಣೆಯನ್ನು ಮೊದಲೂ ಕೊನೆಗೂ ತೂಗಿ, ಹೀರಿಕೊಂಡದ್ದನ್ನು ತಿಂಡಿಯ ಲೆಕ್ಕಕ್ಕೆ ಹಾಕಿ.

ಪ್ರಶ್ನೆ: ನಾವು ಜೀವಮಾನವಿಡೀ ಪಾವು, ಸೇರುಗಳಲ್ಲಿ ಅಳೆದು ಅಡುಗೆ ಮಾಡಿದವರು. ಈಗ ಸೊಸೆ ಬ್ಯಾಟರಿಯ ತಕ್ಕಡಿ ತಂದಿಟ್ಟು, ಪಾವಿನ ಅಳತೆ ಸರಿಯಿಲ್ಲ ಎನ್ನುತ್ತಾಳೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವಳು ಕಾಳಜಿಯಿಂದಲೇ ಹೇಳುತ್ತಾಳೆ ಎಂಬುದು ಗೊತ್ತು. ಆದರೂ ಕೇಳುತ್ತೇನೆ, ಪಾವು ತಪ್ಪೇ?
– 68 ವರ್ಷದ ಓದುಗರು, ಮಧುಗಿರಿ

ಉತ್ತರ: ತಪ್ಪಲ್ಲ ತಾಯಿ. ಅಕ್ಕಿ, ಬೇಳೆ, ಹುರುಳಿಯಂಥ ಕಾಳುಗಳಿಗೆ ಪಾವು ಚೆನ್ನಾಗಿಯೇ ಒದಗುತ್ತದೆ, ಏಕೆಂದರೆ ಕಾಳು ಪಾತ್ರೆಯಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಕೂರುತ್ತದೆ. ಮೇಲೆ ಗೋಪುರವಾಗಿ ನಿಲ್ಲದಂತೆ ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿದರೆ ಆಯಿತು. ನಿಮ್ಮ ಮನೆಯ ಪಾವು ಬೇರೆ, ನೆರೆಮನೆಯವರ ಪಾವು ಬೇರೆ ಇರಬಹುದಾದ್ದರಿಂದ, ಒಂದು ಪಾವು ಅಕ್ಕಿಯನ್ನು ಸೊಸೆಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಅಂದಿನಿಂದ ನಿಮ್ಮ ಪಾವೇ ನಿಮಗೆ ತಕ್ಕಡಿ.

ಸೊಸೆಯ ಮಾತು ನಿಜವಾಗುವುದು ಹಿಟ್ಟಿನ ವಿಷಯದಲ್ಲಿ. ಡಬ್ಬಿಯಿಂದ ಸಡಿಲವಾಗಿ ತುಂಬಿದ ಒಂದು ಲೋಟ ರಾಗಿ ಹಿಟ್ಟು ನಮ್ಮಲ್ಲಿ 108 ಗ್ರಾಂ ತೂಗಿತು. ಅದೇ ಲೋಟವನ್ನು ಕಲ್ಲಿನ ಮೇಲೆ ನಾಲ್ಕು ಸಲ ಕುಟ್ಟಿ ಮತ್ತೆ ತುಂಬಿದಾಗ 135 ಗ್ರಾಂ. ಲೋಟ ಒಂದೇ, ವ್ಯತ್ಯಾಸ ಸುಮಾರು 85 ಕ್ಯಾಲೊರಿ. ಅವಲಕ್ಕಿಯೂ ಹಾಗೆಯೇ, ತೆಳು ಅವಲಕ್ಕಿಯ ಪಾವಿಗೂ ಗಟ್ಟಿ ಅವಲಕ್ಕಿಯ ಪಾವಿಗೂ ತೂಕದಲ್ಲಿ ದೊಡ್ಡ ಅಂತರವಿದೆ. ನೀವು ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ಅಳತೆ ಸರಿಪಡಿಸಿಕೊಳ್ಳುವ ಭರದಲ್ಲಿ ಊಟವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ರಕ್ತದ ಸಕ್ಕರೆ ತೀರಾ ಇಳಿದು ಅಪಾಯವಾಗಬಹುದು. ಮೊದಲು ವೈದ್ಯರಿಗೆ ತಿಳಿಸಿ, ಅವರು ಔಷಧದ ಪ್ರಮಾಣವನ್ನು ನೋಡಿ ಹೇಳಲಿ.

ಪ್ರಶ್ನೆ: ಅಗ್ಗದ ಡಿಜಿಟಲ್ ತಕ್ಕಡಿ ಸರಿಯಾಗಿ ತೂಗುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?
– ಓದುಗರು, ಬಂಗಾರಪೇಟೆ

ಉತ್ತರ: ಬೀದಿಯ ಅಂಗಡಿಯವರ ಬಳಿ ಮುದ್ರೆ ಹಾಕಿಸಿದ ಅರ್ಧ ಕೆಜಿ, 200 ಗ್ರಾಂ ಬಟ್ಟುಗಳಿದ್ದರೆ, ತಕ್ಕಡಿಯನ್ನೇ ಅಲ್ಲಿಗೆ ಒಯ್ದು ಇಟ್ಟು ನೋಡುವುದು ಎಲ್ಲಕ್ಕಿಂತ ಸುಲಭ. ಅದಾಗದಿದ್ದರೆ ಬೆಳಿಗ್ಗೆ ಬರುವ ಅರ್ಧ ಲೀಟರ್ ಹಾಲಿನ ಪ್ಯಾಕೆಟನ್ನು ಒರೆಸಿ ಇಡಿ. ಹಾಲು ನೀರಿಗಿಂತ ತುಸು ಭಾರವಾದ್ದರಿಂದ 500 ಮಿಲಿಲೀಟರ್ ಸುಮಾರು 515 ಗ್ರಾಂ ತೂಗುತ್ತದೆ, ಕವರಿನದು ಮತ್ತೆರಡು ಗ್ರಾಂ. ತಕ್ಕಡಿ 515ರಿಂದ 520ರ ಒಳಗೆ ತೋರಿಸಿದರೆ ಅಡುಗೆಮನೆಗೆ ಸಾಕು. ಮೆತ್ತನೆಯ ಹಾಸಿನ ಮೇಲಿಡದೆ ಸಮತಟ್ಟಾದ ಕಲ್ಲಿನ ಮೇಲಿಡಿ, ಬ್ಯಾಟರಿ ಸೋತಾಗ ಅಂಕಿ ಅಲೆದಾಡುತ್ತದೆ ಎಂಬುದನ್ನು ಗಮನದಲ್ಲಿಡಿ. ಐದು ಗ್ರಾಂಗಿಂತ ಕಡಿಮೆಯದನ್ನು ಇಂಥ ತಕ್ಕಡಿಯಲ್ಲಿ ತೂಗಿ ನಂಬುವುದು ಬೇಡ. ಒಂದು ಚಮಚ ತುಪ್ಪವನ್ನು ಅಳೆಯಬೇಕಾದರೆ ಹತ್ತು ಚಮಚ ಹಾಕಿ ತೂಗಿ ಹತ್ತರಿಂದ ಭಾಗಿಸಿ.

ಪ್ರಶ್ನೆ: ಪ್ರತಿ ಭಾನುವಾರ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವುದು ನಮ್ಮ ಕುಟುಂಬದ ರೂಢಿ. ಹೋಟೆಲಿನಲ್ಲಿ ತಕ್ಕಡಿ ತೆಗೆಯಲು ಸಂಕೋಚ.
– ಓದುಗರು, ತುಮಕೂರು

ಉತ್ತರ: ತೆಗೆಯಬೇಡಿ. ಒಂದೇ ಒಂದು ಸಲ, ತಿಂದು ಹೊರಡುವಾಗ ಒಂದು ತಟ್ಟೆ ಇಡ್ಲಿಯನ್ನು ಬೆಣ್ಣೆಯಿಲ್ಲದೆ ಪಾರ್ಸೆಲ್ ಕಟ್ಟಿಸಿ ಮನೆಯಲ್ಲಿ ತೂಗಿ ನೋಡಿ. ಹೋಟೆಲಿನ ತಟ್ಟೆ ಒಂದೇ ಅಳತೆಯದಾದ್ದರಿಂದ ಆ ತೂಕ ಮುಂದಿನ ಭಾನುವಾರಗಳಿಗೆಲ್ಲ ಬರುತ್ತದೆ. ಹಬೆಯಲ್ಲಿ ಬೆಂದ ಇಡ್ಲಿಗೆ 100 ಗ್ರಾಂಗೆ 130ರಿಂದ 150 ಕ್ಯಾಲೊರಿ ಎಂದು ಹಿಡಿಯಬಹುದು. ಮೇಲಿನ ಬೆಣ್ಣೆಯನ್ನು ಬೇರೆಯಾಗಿ ಎಣಿಸಿ; 10 ಗ್ರಾಂ ಬೆಣ್ಣೆಗೆ ಸುಮಾರು 73. ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವವರು ಅದರಲ್ಲಿರುವುದು ತೆಂಗಿನಕಾಯಿ, ಹುರಿಗಡಲೆ ಎಂಬುದನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.

ಪ್ರಶ್ನೆ: ಕಡಲೆಕಾಯಿ ಮತ್ತು ಮಾವಿನಹಣ್ಣನ್ನು ಸಿಪ್ಪೆಸಮೇತ ತೂಗಬೇಕೆ, ಸುಲಿದು ತೂಗಬೇಕೆ?
– ರೈತರು, ಪಾವಗಡ

ಉತ್ತರ: ಪಟ್ಟಿಯ ಅಂಕಿಗಳೆಲ್ಲ ತಿನ್ನುವ ಭಾಗಕ್ಕೆ ಮಾತ್ರ. ಹಾಗೆಂದು ಹಣ್ಣನ್ನು ಮೊದಲೇ ಹೆಚ್ಚಿ ತೂಗಿ ಅದರ ರುಚಿ ಕೆಡಿಸಿಕೊಳ್ಳಬೇಕಿಲ್ಲ. ಶ್ರೀನಿವಾಸಪುರದ ಮಾವಿನಹಣ್ಣನ್ನು ಇಡಿಯಾಗಿ ತೂಗಿ, ನೆಮ್ಮದಿಯಾಗಿ ತಿಂದು, ವಾಟೆ ಸಿಪ್ಪೆಗಳನ್ನು ತೂಗಿ ಕಳೆಯಿರಿ. ಕಡಲೆಕಾಯಿಗೂ ಅದೇ ದಾರಿ. ಒಣ ಕಡಲೆಕಾಯಿಯಲ್ಲಿ ಬೀಜದ ಪಾಲು ಸುಮಾರು ಶೇಕಡ 70ರಷ್ಟು. ನಿಮ್ಮ ಹೊಲದ ಕಾಯಿಯ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 30 ಗ್ರಾಂ ಬೀಜಕ್ಕೆ 160ರ ಆಸುಪಾಸಿನ ಕ್ಯಾಲೊರಿ. ಮಾತಾಡುತ್ತಾ ಸುಲಿದು ತಿನ್ನುವಾಗ 30 ಗ್ರಾಂ ದಾಟುವುದು ತಿಳಿಯುವುದೇ ಇಲ್ಲ, ಆದ್ದರಿಂದ ಬೇಕಾದಷ್ಟನ್ನು ಮೊದಲೇ ಬಟ್ಟಲಿಗೆ ಹಾಕಿಕೊಂಡು ಕೂರಿ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು ನಾಲ್ಕು ತಿಂಗಳಿಂದ ಎಲ್ಲವನ್ನೂ ತೂಗಿ ತಿನ್ನುತ್ತಾಳೆ. ಸೌತೆಕಾಯಿ ಹೋಳನ್ನೂ ತೂಗುತ್ತಾಳೆ. ನೆಂಟರ ಮನೆಯಲ್ಲಿ ತೂಗಲಾಗದೆ ಊಟವನ್ನೇ ಬಿಟ್ಟಳು. ತುಂಬಾ ಇಳಿದುಹೋಗಿದ್ದಾಳೆ, ಮುಟ್ಟೂ ಎರಡು ತಿಂಗಳಿಂದ ಆಗಿಲ್ಲ. ಅಳತೆಯ ನಿಖರತೆಗೆ ಇದೂ ಬೇಕೇ?
– ತಾಯಿ, ಶಿಡ್ಲಘಟ್ಟ

ಉತ್ತರ: ಬೇಡ. ಅಳತೆಯ ಬಗ್ಗೆ ಈ ಪುಟದಲ್ಲಿ ಬರೆದ ಯಾವ ಮಾತೂ ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ. ಬೆಳೆಯುವ ವಯಸ್ಸಿನ ಮಕ್ಕಳು ಕ್ಯಾಲೊರಿ ಎಣಿಸಿ ಊಟ ಕಡಿತ ಮಾಡಬಾರದು. ವೈದ್ಯರು ಕಾರಣವಿದ್ದು ಹೇಳಿದರೆ ಮಾತ್ರ, ಅದೂ ಅವರ ಕಣ್ಣೆದುರಿನಲ್ಲಿ. ತೂಗದ ಊಟವನ್ನು ತಿನ್ನಲಾಗದಿರುವುದು, ತೂಕ ಇಳಿಯುತ್ತಾ ಹೋಗುವುದು, ಮುಟ್ಟು ನಿಲ್ಲುವುದು, ಈ ಮೂರೂ ಒಟ್ಟಿಗೆ ಬಂದಿರುವಾಗ ಇದನ್ನು ಶಿಸ್ತು ಎಂದು ತಿಳಿಯಬಾರದು, ಹಠ ಎಂದೂ ಗದರಬಾರದು. ಇದು ಚಿಕಿತ್ಸೆ ಬೇಕಾದ ಸ್ಥಿತಿಯಾಗಿರಬಹುದು, ಮತ್ತು ಬೇಗ ತೋರಿಸಿದಷ್ಟೂ ಗುಣವಾಗುವುದು ಸುಲಭ.

ಈ ವಾರದಲ್ಲೇ ಮಗಳನ್ನು ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯಿರಿ. ರಕ್ತದೊತ್ತಡ, ನಾಡಿ, ರಕ್ತಪರೀಕ್ಷೆಗಳನ್ನು ನೋಡಿದ ಮೇಲೆ ಅವರೇ ಮನೋವೈದ್ಯರಿಗೆ ಬರೆದುಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿಯೂ ಮಾನಸಿಕ ಆರೋಗ್ಯ ವಿಭಾಗವಿರುತ್ತದೆ. ತಲೆ ಸುತ್ತಿ ಬಿದ್ದರೆ, ಎದೆ ಬಡಿತ ತೀರಾ ನಿಧಾನವಾದರೆ, ನೀರನ್ನೂ ನಿರಾಕರಿಸಿದರೆ ವಾರವನ್ನೂ ಕಾಯಬೇಡಿ, ಅಂದೇ ಹೋಗಿ. ಅದಕ್ಕೂ ಮುಂಚೆ ನಿಮಗೆ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಮನೆಯಲ್ಲಿ ತಕ್ಕಡಿಯನ್ನು ಕಸಿದುಕೊಂಡು ಜಗಳ ಮಾಡಬೇಡಿ. ಅದನ್ನು ಯಾವಾಗ, ಹೇಗೆ ದೂರ ಮಾಡುವುದೆಂದು ವೈದ್ಯರನ್ನೇ ಕೇಳಿ. ಅವಳ ಮೈಯ ಬಗ್ಗೆ, ತಟ್ಟೆಯಲ್ಲಿ ಎಷ್ಟಿದೆ ಎಂಬುದರ ಬಗ್ಗೆ ಊಟದ ಹೊತ್ತಿನಲ್ಲಿ ಯಾರೂ, ಅಜ್ಜಿಯೂ ಸೇರಿ, ಮಾತೆತ್ತದಂತೆ ನೋಡಿಕೊಳ್ಳಿ. ಎಲ್ಲರೂ ಕೂತು ಉಣ್ಣುವಾಗ ಅವಳ ಪಕ್ಕದಲ್ಲಿ ನೀವು ಕೂರಿ. ವೈದ್ಯರು ಏನು ಹೇಳಿದರೆಂದು ನನಗೆ ಬರೆಯಿರಿ. ನಿಮ್ಮ ಪತ್ರವನ್ನು ಪ್ರಕಟಿಸದೆ ನೇರವಾಗಿ ಉತ್ತರಿಸುತ್ತೇನೆ.